ಗಣಿಯ ಭೂತ, ಆಮ್ಲದ ಪಾತ್ರೆ: ನಿಕ್ಕಲ್ ಎಂಬ ಲೋಹನಾಮದ ಚರಿತ್ರೆ

ವೃತ್ತಿಜಾನಪದದ ಅಧ್ಯಯನದಲ್ಲಿ ಶಬ್ದಗಳಿಗೆ ವಿಶೇಷವಾದ ಸ್ಥಾನವಿದೆ. ಕುಂಬಾರ, ಕಮ್ಮಾರ, ನೇಕಾರ, ಗಾಣಿಗ ಮೊದಲಾದ ಕಸುಬುದಾರರು ತಮ್ಮ ಸಲಕರಣೆಗಳಿಗೆ, ಕಚ್ಚಾವಸ್ತುಗಳಿಗೆ, ಕೆಲಸದ ನಡುವೆ ಎದುರಾಗುವ ಕೇಡುಗಳಿಗೆ ಇಟ್ಟುಕೊಂಡ ಹೆಸರುಗಳಲ್ಲಿ ಆ ಕಸುಬಿನ ತಲೆಮಾರುಗಳ ಅನುಭವ ಅಡಗಿರುತ್ತದೆ. ಬರವಣಿಗೆಯ ದಾಖಲೆ ದೊರೆಯದ ಕಡೆ ಈ ಹೆಸರುಗಳೇ ದಾಖಲೆಗಳಾಗುತ್ತವೆ. ಆಧುನಿಕ ರಸಾಯನೋದ್ಯಮದಲ್ಲಿ ತೀಕ್ಷ್ಣವಾದ ಆಮ್ಲ, ಕ್ಷಾರಗಳನ್ನು ತುಂಬುವ ಪಾತ್ರೆಗಳಿಗೂ ಕೊಳವೆಗಳಿಗೂ ಆಧಾರವಾದ ನಿಕ್ಕಲ್ ಲೋಹದ ಹೆಸರು ಅಂಥದೊಂದು ದಾಖಲೆ. ಅದು ಪ್ರಯೋಗಶಾಲೆಯಲ್ಲಿ ಹುಟ್ಟಿದ ಹೆಸರಲ್ಲ, ಜರ್ಮನ್ ಗಣಿಕಾರ್ಮಿಕರ ಬೈಗುಳ. ಈ ಹೆಸರಿನ ಜಾಡನ್ನು ಹಿಡಿದು ಹೋದರೆ ಎರಡು ಸಂಗತಿಗಳು ಕಾಣುತ್ತವೆ. ಮೂಢನಂಬಿಕೆಯೆಂದು ತಳ್ಳಿಹಾಕಲಾದ ಒಂದು ನಂಬಿಕೆಯು ದುಡಿಯುವವರ ದೇಹಕ್ಕಾದ ಹಾನಿಯ ವರದಿಯಾಗಿತ್ತು. ಲೋಹವನ್ನು ಸ್ವೀಕರಿಸಿದ ವಿಜ್ಞಾನ ಮತ್ತು ಉದ್ಯಮಗಳು ಹೆಸರನ್ನು ಉಳಿಸಿಕೊಂಡು ಆ ವರದಿಯನ್ನು ಕೈಬಿಟ್ಟವು.

1. ಅದಿರಿನ ಬೆಟ್ಟಗಳ ಭೂತ

ಜರ್ಮನಿಯ ಸ್ಯಾಕ್ಸನಿ ಮತ್ತು ಬೊಹೀಮಿಯಾಗಳ ಗಡಿಯಲ್ಲಿ ಹಬ್ಬಿರುವ ಪರ್ವತಶ್ರೇಣಿಗೆ ಎರ್ಟ್ಸ್‌ಗೆಬಿರ್ಗೆ ಎಂದು ಹೆಸರು. ಅದಿರಿನ ಬೆಟ್ಟಗಳೆಂಬುದು ಆ ಶಬ್ದದ ಅರ್ಥ. ಇಲ್ಲಿನ ಬೆಳ್ಳಿ, ತಾಮ್ರಗಳ ಗಣಿಗಳಲ್ಲಿ ತೆಳುಗೆಂಪು ಬಣ್ಣದ ಒಂದು ಅದಿರು ಸಿಗುತ್ತಿತ್ತು. ನೋಡಲು ಅದು ತಾಮ್ರದಂತೆಯೇ ಇತ್ತು. ಗಾಳಿ, ತೇವಗಳಿಗೆ ಸಿಕ್ಕಿದಾಗ ಅದರ ಮೇಲೆ ತಾಮ್ರದ ಕಿಲುಬನ್ನು ಹೋಲುವ ಹಸಿರು ಪುಡಿಯೂ ಮೂಡುತ್ತಿತ್ತು. ಆದರೆ ಎಷ್ಟು ಸುಟ್ಟರೂ, ಎಷ್ಟು ಕರಗಿಸಿದರೂ ಅದರಿಂದ ತಾಮ್ರ ಇಳಿಯುತ್ತಿರಲಿಲ್ಲ. ಮೇಲಾಗಿ ಕುಲುಮೆಯಿಂದ ಏಳುತ್ತಿದ್ದ ಬೆಳ್ಳುಳ್ಳಿಯ ವಾಸನೆಯ ಹೊಗೆ ಕೆಲಸಗಾರರನ್ನು ಕಾಯಿಲೆಗೆ ಕೆಡವುತ್ತಿತ್ತು. ಕಾರ್ಮಿಕರು ಈ ಅದಿರನ್ನು 'ಕುಪ್‌ಫರ್‌ನಿಕ್ಕಲ್' ಎಂದು ಕರೆದರು. 'ಕುಪ್‌ಫರ್' ಎಂದರೆ ತಾಮ್ರ. 'ನಿಕ್ಕಲ್' ಎಂಬುದು ನಿಕೊಲಾಸ್ ಎಂಬ ಹೆಸರಿನ ಮೊಟಕು ರೂಪ. ತುಂಟನಿಗೂ ಕುಚೇಷ್ಟೆಯ ಭೂತಕ್ಕೂ ಆಡುಮಾತಿನಲ್ಲಿ ಸಲ್ಲುತ್ತಿದ್ದ ಹೆಸರು. ಅದೇ ಗಣಿಗಳ ಮತ್ತೊಂದು ಉಪದ್ರವಕಾರಿ ಅದಿರಿಗೆ 'ಕೋಬೋಲ್ಡ್' ಎಂಬ ಭೂತದ ಹೆಸರು ಅಂಟಿತು. ಕೋಬಾಲ್ಟ್ ಲೋಹದ ಹೆಸರಿನ ಮೂಲ ಇದೇ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ.

ಇಲ್ಲಿ 'ಭೂತ' ಶಬ್ದದ ಬಳಕೆಯ ಬಗೆಗೆ ಒಂದು ಮಾತು ಅಗತ್ಯ. ಕನ್ನಡ ಕರಾವಳಿಯಲ್ಲಿ ಭೂತವೆಂದರೆ ಆರಾಧನೆಗೊಳ್ಳುವ, ನ್ಯಾಯ ಹೇಳುವ ದೈವ. ಜರ್ಮನ್ ಗಣಿಯ ಭೂತ ಆ ಬಗೆಯದಲ್ಲ. ಅದು ದುಡಿಮೆಯನ್ನು ಅಣಕಿಸುವ, ದುಡಿಮೆಯ ಫಲವನ್ನು ಕದಿಯುವ ಶಕ್ತಿ. ಈ ಪ್ರದೇಶದ ಯೋಆಖಿಮ್ಸ್‌ತಾಲ್ ಎಂಬ ಗಣಿಪಟ್ಟಣದಲ್ಲಿ ವೈದ್ಯನಾಗಿದ್ದ ಗಿಯಾರ್ಗಿಯುಸ್ ಅಗ್ರಿಕೋಲಾ 1549ರಲ್ಲಿ ಪ್ರಕಟಿಸಿದ, ನೆಲದಡಿಯ ಜೀವಿಗಳನ್ನು ಕುರಿತ ಗ್ರಂಥದಲ್ಲಿ ಈ ಭೂತಗಳನ್ನೂ ಸೇರಿಸಿದ್ದಾನೆ. ಕೆಲವು ಉಗ್ರ ಸ್ವಭಾವದವು. ಇನ್ನು ಕೆಲವು ಗಣಿಗಾರರಂತೆ ವೇಷ ತೊಟ್ಟು, ಅದಿರು ಅಗೆಯುವಂತೆ ನಟಿಸಿ, ವಾಸ್ತವದಲ್ಲಿ ಏನನ್ನೂ ಮಾಡದವು ಎಂಬುದು ಅವನ ವಿವರಣೆಯ ಸಾರಾಂಶ. ಅವನ ಮರಣದ ಮರುವರ್ಷ, 1556ರಲ್ಲಿ, ಹೊರಬಂದ 'ಡಿ ರೆ ಮೆಟಾಲಿಕಾ' ಗ್ರಂಥದಲ್ಲಿ ಮತ್ತೊಂದು ಬಗೆಯ ಮಾಹಿತಿಯಿದೆ. ಗಣಿಗಳಲ್ಲಿ ದೊರೆಯುವ ಒಂದು ಬಗೆಯ ಖನಿಜವು ಒದ್ದೆಯಾದ ಕೈಕಾಲುಗಳನ್ನು ತಿನ್ನುತ್ತದೆ, ಶ್ವಾಸಕೋಶಕ್ಕೂ ಕಣ್ಣಿಗೂ ಕೇಡು ಮಾಡುತ್ತದೆ ಎಂದು ಆತ ಹೇಳಿ, ರಕ್ಷಣೆಗೆ ಬೂಟು, ಕೈಗವಸುಗಳನ್ನು ಸೂಚಿಸುತ್ತಾನೆ. ಒಬ್ಬನೇ ಲೇಖಕನಲ್ಲಿ ಭೂತದ ಐತಿಹ್ಯವೂ ವೃತ್ತಿರೋಗದ ವಿವರವೂ ಜೊತೆಯಾಗಿ ಬಂದಿರುವುದು ಗಮನಾರ್ಹ.

ಈ ನಂಬಿಕೆಯಲ್ಲಿ ಸರಿಯಾದದ್ದು ಯಾವುದು, ತಪ್ಪಾದದ್ದು ಯಾವುದು ಎಂಬುದನ್ನು ಇಂದು ಬೇರ್ಪಡಿಸಿ ನೋಡಬಹುದು. ಕುಪ್‌ಫರ್‌ನಿಕ್ಕಲ್ ಎಂಬುದು ನಿಕ್ಕಲ್ ಮತ್ತು ಆರ್ಸೆನಿಕ್ ಕೂಡಿದ ಖನಿಜ. ಸುಟ್ಟಾಗ ಹೊರಬೀಳುವ ಹೊಗೆಯಲ್ಲಿರುವುದು ಪಾಷಾಣ. ಅದಿರು ಮೋಸ ಮಾಡುತ್ತದೆ, ಅದರ ಹೊಗೆ ಕೊಲ್ಲುತ್ತದೆ ಎಂಬ ಎರಡು ಅವಲೋಕನಗಳೂ ನಿಜವಾಗಿದ್ದವು. ಕಾರಣದ ಊಹೆ ಮಾತ್ರ ತಪ್ಪಾಗಿತ್ತು. ಆ ತಪ್ಪಿಗೂ ಒಂದು ಸಾಮಾಜಿಕ ಪರಿಣಾಮವಿತ್ತು. ಕೇಡಿನ ಹೊಣೆಯನ್ನು ನೆಲದಡಿಯ ಭೂತಕ್ಕೆ ಹೊರಿಸಿದಾಗ, ಕುಲುಮೆಯನ್ನು ಕಟ್ಟಿಸಿದವರೂ ಕೆಲಸ ಹಚ್ಚಿದವರೂ ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತಾರೆ. ಜನಪದ ನಂಬಿಕೆಯನ್ನು ಗೌರವಿಸುವ ಅಧ್ಯಯನವು ಅದರ ಈ ಮಿತಿಯನ್ನೂ ಕಾಣಬೇಕಾಗುತ್ತದೆ.

2. ಭೂತದಿಂದ ಧಾತುವಿಗೆ

ಸ್ವೀಡನ್ನಿನ ಖನಿಜವಿಜ್ಞಾನಿ ಆಕ್ಸೆಲ್ ಫ್ರೆಡ್ರಿಕ್ ಕ್ರೋನ್‌ಸ್ಟೆಡ್ 1751ರಲ್ಲಿ ಲೋಸ್ ಎಂಬಲ್ಲಿನ ಕೋಬಾಲ್ಟ್ ಗಣಿಯ ಅದಿರನ್ನು ಪರೀಕ್ಷಿಸಿ, ಅದರಿಂದ ಬಿಳಿಯ, ಗಡುಸಾದ, ಅಯಸ್ಕಾಂತಕ್ಕೆ ಸೆಳೆಯಲ್ಪಡುವ ಹೊಸ ಲೋಹವೊಂದನ್ನು ಬೇರ್ಪಡಿಸಿದನು. 1754ರಲ್ಲಿ ಅದಕ್ಕೆ ಹೆಸರಿಡುವಾಗ ಗಣಿಗಾರರ ಶಬ್ದದಿಂದ 'ತಾಮ್ರ'ವನ್ನು ತೆಗೆದುಹಾಕಿ 'ನಿಕ್ಕಲ್' ಎಂಬುದನ್ನು ಮಾತ್ರ ಇರಿಸಿಕೊಂಡನು. ಹೀಗೆ ಬೈಗುಳವು ಧಾತುವಿನ ಹೆಸರಾಯಿತು. ಪಾಷಾಣದ ಹೊಗೆಯ ನೆನಪು ಆ ಹೆಸರಿನಿಂದ ಕಳಚಿಕೊಂಡಿತು.

ಹೆಸರಿಲ್ಲದೆಯೂ ಈ ಲೋಹ ಜನರ ಕೈಯಲ್ಲಿ ಮೊದಲೇ ಇತ್ತು. ಕ್ರಿಸ್ತಪೂರ್ವ 2ನೆಯ ಶತಮಾನದ ಬ್ಯಾಕ್ಟ್ರಿಯಾದ ಗ್ರೀಕ್ ಅರಸರ ಕೆಲವು ನಾಣ್ಯಗಳು ತಾಮ್ರ ಮತ್ತು ನಿಕ್ಕಲ್‌ಗಳ ಮಿಶ್ರಣದಿಂದಾದವು. ಚೀನಾದ ಕುಶಲಕರ್ಮಿಗಳು ತಾಮ್ರ, ನಿಕ್ಕಲ್, ಸತುಗಳಿಂದ 'ಬಿಳಿ ತಾಮ್ರ'ವನ್ನು ತಯಾರಿಸುತ್ತಿದ್ದರು. 1820ರ ದಶಕದಲ್ಲಿ ಜರ್ಮನಿಯಲ್ಲಿ ಅದರ ಅನುಕರಣೆ ಆರಂಭವಾಯಿತು. ಕರ್ನಾಟಕದ ಪಾತ್ರೆಯಂಗಡಿಗಳಿಗೂ ಪರಿಚಿತವಾಗಿರುವ 'ಜರ್ಮನ್ ಸಿಲ್ವರ್' ಎಂಬ ಹೆಸರಿನ ಹಿನ್ನೆಲೆ ಇದು. ಅದರಲ್ಲಿ ಬೆಳ್ಳಿಯ ಅಂಶವಿಲ್ಲ. ತಾಮ್ರದ ವೇಷ ತೊಟ್ಟು ಗಣಿಗಾರನನ್ನು ವಂಚಿಸಿದ ಲೋಹ, ಬೆಳ್ಳಿಯ ವೇಷದಲ್ಲಿ ಮನೆಗಳನ್ನು ಪ್ರವೇಶಿಸಿತು.

3. ಹುಳಿ ಮತ್ತು ಪಾತ್ರೆ: ಕಲಾಯಿಯ ತಿಳಿವಳಿಕೆ

ನಿಕ್ಕಲ್‌ನ ಮುಂದಿನ ಚರಿತ್ರೆಯನ್ನು ಅರಿಯಲು ಆಮ್ಲಕ್ಕೂ ಪಾತ್ರೆಗೂ ಇರುವ ಸಂಬಂಧವನ್ನು ತಿಳಿಯಬೇಕು. ಇದು ಕನ್ನಡದ ಅಡುಗೆಮನೆಗೆ ಹೊಸದಲ್ಲ. ಕಬ್ಬಿಣದ್ದು ತುಕ್ಕು, ತಾಮ್ರ ಹಿತ್ತಾಳೆಗಳದ್ದು ಕಿಲುಬು ಎಂದು ಭಾಷೆ ಸ್ಪಷ್ಟವಾಗಿ ಬೇರ್ಪಡಿಸಿದೆ. ಹುಣಿಸೆಯ ಹುಳಿ, ಮಜ್ಜಿಗೆಗಳನ್ನು ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಇಡಬಾರದು, ಉಪ್ಪಿನಕಾಯಿಗೆ ಪಿಂಗಾಣಿಯ ಭರಣಿ ಬೇಕು, ಹುಳಿ ಪದಾರ್ಥಕ್ಕೆ ಕಲ್ಲಿನ ಪಾತ್ರೆ ಆಗುತ್ತದೆ ಎಂಬ ವಿಧಿನಿಷೇಧಗಳೆಲ್ಲ ಆಮ್ಲದ ಗುಣವನ್ನು ಅರಿತೇ ರೂಪುಗೊಂಡವು. ಕಲಾಯಿ ಹಾಕುವವನು ಕಾದ ಪಾತ್ರೆಗೆ ನವಸಾಗರವನ್ನು ಉದುರಿಸಿ, ತವರವನ್ನು ಬಟ್ಟೆಯಿಂದ ಉಜ್ಜಿ ಹರಡುತ್ತಾನೆ. ಬಿಸಿಗೆ ಒಡೆದ ನವಸಾಗರವು ಲೋಹದ ಮೇಲಿನ ಕೊಳೆಪದರವನ್ನು ತಿಂದುಹಾಕುತ್ತದೆ, ತವರ ಹಿಡಿಯುತ್ತದೆ. ಆಗ ಏಳುವ ಬಿಳಿ ಹೊಗೆಯನ್ನು ಕುಡಿಯುವವನು ಅವನೇ.

ಈ ಪದ್ಧತಿಯಲ್ಲಿ ಎರಡು ತತ್ವಗಳಿವೆ. ಪಾತ್ರೆಯನ್ನು ಕಾಯುವುದು ಅದರ ಮೇಲಿನ ತೆಳುವಾದ ಪದರ. ಎಲ್ಲ ಪದಾರ್ಥಕ್ಕೂ ಸಲ್ಲುವ ಪಾತ್ರೆ ಇಲ್ಲ. ಅಡುಗೆಮನೆಯ ಈ ತತ್ವಗಳೇ ಕಾರ್ಖಾನೆಯ ಅಳತೆಯಲ್ಲಿ ಯಂತ್ರಜ್ಞರ ಸಮಸ್ಯೆಗಳಾದವು.

4. ನವಸಾಗರದ ಕವಾಟಗಳು

ನಿಕ್ಕಲ್‌ನ ಉದ್ಯಮಚರಿತ್ರೆಯಲ್ಲಿ ಇದೇ ನವಸಾಗರಕ್ಕೆ ಒಂದು ಪಾತ್ರವಿರುವುದು ಕುತೂಹಲಕರ. ಇಂಗ್ಲೆಂಡಿನಲ್ಲಿ ಸೋಡಾ ತಯಾರಿಸುತ್ತಿದ್ದ ಲುಡ್ವಿಗ್ ಮಾಂಡ್, ನವಸಾಗರವನ್ನು ಆವಿಯಾಗಿಸಿ ಅದರಿಂದ ಕ್ಲೋರಿನ್ ಪಡೆಯಲು ಯತ್ನಿಸುತ್ತಿದ್ದನು. ಆ ಉಪಕರಣದ ಕವಾಟಗಳನ್ನು ನಿಕ್ಕಲ್‌ನಿಂದ ಮಾಡಲಾಗಿತ್ತು. ಪ್ರಯೋಗಶಾಲೆಯಲ್ಲಿ ಬಾಳಿದ ಕವಾಟಗಳು ಕಾರ್ಖಾನೆಯಲ್ಲಿ ಕಪ್ಪುಗಟ್ಟಿ ಸೋರತೊಡಗಿದವು. ಕಾರ್ಖಾನೆಯ ಅನಿಲದಲ್ಲಿ ಸ್ವಲ್ಪ ಕಾರ್ಬನ್ ಮಾನಾಕ್ಸೈಡ್ ಬೆರೆತಿದ್ದುದೇ ಇದಕ್ಕೆ ಕಾರಣವೆಂದು ತಿಳಿದುಬಂತು. ಇದನ್ನು ಬೆನ್ನಟ್ಟಿದ ಮಾಂಡ್, ಲ್ಯಾಂಗರ್ ಮತ್ತು ಕ್ವಿಂಕೆ ಅವರು, ನಿಕ್ಕಲ್ ಆ ಅನಿಲದೊಡನೆ ಕೂಡಿ ಆವಿಯಾಗುವ ಸಂಯುಕ್ತವಾಗುತ್ತದೆ, ಹೆಚ್ಚು ಕಾಯಿಸಿದಾಗ ಶುದ್ಧ ಲೋಹವಾಗಿ ಮರಳುತ್ತದೆ ಎಂಬುದನ್ನು 1890ರಲ್ಲಿ ಪ್ರಕಟಿಸಿದರು. ಲೋಹವು ನಶಿಸಿದ ಘಟನೆಯೊಂದು ಲೋಹಶುದ್ಧಿಯ ವಿಧಾನವಾಯಿತು. ನಿಕ್ಕಲ್ ಕಾರ್ಬೊನಿಲ್ ಎಂಬ ಆ ಸಂಯುಕ್ತವು ಅತ್ಯಂತ ವಿಷಕಾರಿ. ಅದನ್ನು ಆಧರಿಸಿದ ಶುದ್ಧೀಕರಣ ಕಾರ್ಖಾನೆ 1902ರಲ್ಲಿ ವೇಲ್ಸ್‌ನ ಕ್ಲಿಡಾಕ್‌ನಲ್ಲಿ ಆರಂಭವಾಯಿತು.

ಅತ್ತ ಕೆನಡಾದ ಸಡ್‌ಬರಿಯಲ್ಲಿ 1883ರಲ್ಲಿ ರೈಲುಮಾರ್ಗ ಹಾಕುವಾಗ ಅದಿರು ಕಂಡಿತು. ತಾಮ್ರವೆಂದು ನಂಬಿ 1886ರಲ್ಲಿ ಸ್ಥಾಪಿಸಿದ ಸಂಸ್ಥೆಗೆ 'ಕೆನೆಡಿಯನ್ ಕಾಪರ್ ಕಂಪನಿ' ಎಂದೇ ಹೆಸರಿಟ್ಟರು. ಅದಿರನ್ನು ಕರಗಿಸಿದಾಗ ತಾಮ್ರದೊಡನೆ ನಿಕ್ಕಲ್ ಬೆರೆತು ತೊಡಕಾಯಿತು. ಸ್ಯಾಕ್ಸನಿಯ ಗಣಿಗಾರರ ಅನುಭವ ಶತಮಾನಗಳ ಬಳಿಕ ಮತ್ತೊಂದು ಖಂಡದಲ್ಲಿ ಮರುಕಳಿಸಿತು. ಬೇರ್ಪಡಿಸಲು ಕಷ್ಟವಾದ ಈ ಎರಡು ಲೋಹಗಳನ್ನು ಬೇರ್ಪಡಿಸದೆಯೇ ಬಳಸುವ ಆಲೋಚನೆಯಿಂದ 1905ರ ಸುಮಾರಿಗೆ ಇಂಟರ್‌ನ್ಯಾಷನಲ್ ನಿಕ್ಕಲ್ ಕಂಪನಿಯ ರಾಬರ್ಟ್ ಸ್ಟ್ಯಾನ್ಲಿ ಹೊಸ ಮಿಶ್ರಲೋಹವನ್ನು ರೂಪಿಸಿದನು. ಸುಮಾರು ಮೂರನೆಯ ಎರಡು ಭಾಗ ನಿಕ್ಕಲ್, ಉಳಿದದ್ದು ಬಹುಪಾಲು ತಾಮ್ರ. ಸಂಸ್ಥೆಯ ಅಧ್ಯಕ್ಷ ಆಂಬ್ರೋಸ್ ಮೊನೆಲ್‌ನ ಹೆಸರಿನಿಂದ ಅದು 'ಮೊನೆಲ್' ಆಯಿತು. ಸಮುದ್ರದ ನೀರನ್ನೂ ಹೈಡ್ರೋಫ್ಲೋರಿಕ್ ಆಮ್ಲವನ್ನೂ ಅದು ತಾಳಿಕೊಂಡಿತು. ನೈಟ್ರಿಕ್ ಆಮ್ಲದ ಮುಂದೆ ಸೋತಿತು.

5. ಪದರದ ವಿಜ್ಞಾನ

ಲೋಹವನ್ನು ಆಮ್ಲಗಳು ಒಂದೇ ಬಗೆಯಾಗಿ ತಿನ್ನುವುದಿಲ್ಲ. ನೈಟ್ರಿಕ್ ಆಮ್ಲದಂಥ ಉತ್ಕರ್ಷಕ ಆಮ್ಲಗಳಲ್ಲಿ ಕ್ರೋಮಿಯಂ ಬೆರೆತ ಲೋಹದ ಮೇಲೆ ತೆಳುವಾದ ಆಕ್ಸೈಡ್ ಪದರ ಮೂಡಿ ಲೋಹವನ್ನು ಕಾಯುತ್ತದೆ. ಈ ಕಲಾಯಿಯನ್ನು ಲೋಹವು ತಾನೇ ಹಾಕಿಕೊಳ್ಳುತ್ತದೆ, ಗೀಚಿದರೆ ತಾನೇ ತುಂಬಿಕೊಳ್ಳುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆ ಪದರ ನಿಲ್ಲದು. ಸ್ಟೇನ್‌ಲೆಸ್ ಉಕ್ಕು ಅಲ್ಲಿ ಸೋಲುತ್ತದೆ. ನಿಕ್ಕಲ್‌ಗೆ ಮಾಲಿಬ್ಡಿನಮ್ ಬೆರೆಸಿದರೆ ಆ ಆಮ್ಲವನ್ನು ಎದುರಿಸಬಹುದೆಂಬುದನ್ನು ಅಮೆರಿಕದ ಇಂಡಿಯಾನಾ ರಾಜ್ಯದ ಕೊಕೊಮೊ ಪಟ್ಟಣದ ಹೇನ್ಸ್ ಸ್ಟೆಲ್ಲೈಟ್ ಸಂಸ್ಥೆ 1920ರ ದಶಕದಲ್ಲಿ ಬಳಕೆಗೆ ತಂದಿತು. ಸಂಸ್ಥಾಪಕ ಎಲ್ವುಡ್ ಹೇನ್ಸ್ ಅದಕ್ಕೂ ಮೊದಲು ಕೋಬಾಲ್ಟ್ ಮತ್ತು ಕ್ರೋಮಿಯಂಗಳ ಮಿಶ್ರಲೋಹಕ್ಕೆ, ನಕ್ಷತ್ರವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ, 'ಸ್ಟೆಲ್ಲೈಟ್' ಎಂದು ಹೆಸರಿಟ್ಟಿದ್ದನು. ಕೋಬೋಲ್ಡ್ ಭೂತವು ನಕ್ಷತ್ರವಾಯಿತು. ನಿಕ್ಕಲ್‌ನ ಹೊಸ ಮಿಶ್ರಲೋಹಗಳು ಸಂಸ್ಥೆಯ ಹೆಸರಿನ ಅಕ್ಷರಗಳನ್ನು ಕೂಡಿಸಿದ 'ಹ್ಯಾಸ್ಟೆಲಾಯ್' ಎಂಬ ವ್ಯಾಪಾರನಾಮವನ್ನು ಪಡೆದವು.

ಇವುಗಳಲ್ಲಿ 'ಬಿ' ಎಂಬುದು ನಿಕ್ಕಲ್ ಮತ್ತು ಸುಮಾರು 28 ಶೇಕಡಾ ಮಾಲಿಬ್ಡಿನಮ್ ಉಳ್ಳದ್ದು. ಅದು ಶುದ್ಧ ಹೈಡ್ರೋಕ್ಲೋರಿಕ್ ಆಮ್ಲವನ್ನು ತಾಳುತ್ತದೆ, ಆದರೆ ಆಮ್ಲದಲ್ಲಿ ಕಬ್ಬಿಣದ ಫೆರಿಕ್ ಲವಣ ತುಸು ಬೆರೆತರೂ ಬೇಗನೆ ನಶಿಸುತ್ತದೆ. 1930ರ ದಶಕದಲ್ಲಿ ಬಂದ 'ಸಿ' ಎಂಬುದರಲ್ಲಿ ಕ್ರೋಮಿಯಂ, ಮಾಲಿಬ್ಡಿನಮ್‌ಗಳೆರಡೂ ಇದ್ದುದರಿಂದ ಅದು ಎರಡು ಬಗೆಯ ಆಮ್ಲಗಳಿಗೂ ಒದಗಿತು. ಆದರೆ ಬೆಸುಗೆಯ ಇಕ್ಕೆಲಗಳಲ್ಲಿ ಅದು ದುರ್ಬಲವಾಗುತ್ತಿತ್ತು. ಬೆಸೆದ ಪಾತ್ರೆಯನ್ನು ಮತ್ತೆ ಕಾಯಿಸಿ ತಣಿಸಬೇಕಾಗುತ್ತಿತ್ತು. ಇಂಗಾಲ, ಸಿಲಿಕಾನ್‌ಗಳನ್ನು ಬಹಳ ಕಡಿಮೆ ಮಾಡಿದ 'ಸಿ-276' 1960ರ ದಶಕದಲ್ಲಿ ಈ ದೋಷವನ್ನು ನೀಗಿಸಿತು. ಸಾಂದ್ರವಾದ ಕಾಸ್ಟಿಕ್ ಸೋಡಾಕ್ಕಾದರೋ ಬೆರಕೆಯಿಲ್ಲದ ನಿಕ್ಕಲ್ಲೇ ಯೋಗ್ಯ. ಒಂದೊಂದು ಪದಾರ್ಥಕ್ಕೆ ಒಂದೊಂದು ಪಾತ್ರೆ ಎಂಬ ನಿಯಮ ಇಲ್ಲಿಯೂ ತಪ್ಪಲಿಲ್ಲ.

6. ಮರಳಿ ಬಂದ ವರದಿ

ಆಮ್ಲವನ್ನು ತಾಳುವ ಲೋಹವನ್ನು ಶುದ್ಧಗೊಳಿಸಿದವರ ದೇಹ ಏನನ್ನು ತಾಳಿತು ಎಂಬ ಪ್ರಶ್ನೆಗೆ ಕ್ಲಿಡಾಕ್ ಉತ್ತರ ನೀಡುತ್ತದೆ. ಅಲ್ಲಿನ ಕಾರ್ಮಿಕರಲ್ಲಿ ಮೂಗಿನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಅಸಹಜ ಪ್ರಮಾಣದಲ್ಲಿರುವುದು 1930ರ ದಶಕದಲ್ಲಿ ಬೆಳಕಿಗೆ ಬಂತು. ರಿಚರ್ಡ್ ಡಾಲ್ 1958ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಅಪಾಯವನ್ನು ಅಂಕಿಗಳಲ್ಲಿ ಸ್ಥಾಪಿಸಿತು. ಅಪಾಯವು ಮುಖ್ಯವಾಗಿ 1920ರ ದಶಕದ ನಡುವಿಗೆ ಮೊದಲು ಸೇರಿದವರಲ್ಲಿ ಕೇಂದ್ರೀಕೃತವಾಗಿತ್ತೆಂದು, ಅಂದರೆ ಕೆಲಸದ ವಿಧಾನ ಬದಲಾದಾಗ ಕೇಡೂ ಇಳಿಯಿತೆಂದು ಮುಂದಿನ ಅಧ್ಯಯನಗಳು ತೋರಿಸಿದವು. 1990ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ನಿಕ್ಕಲ್ ಸಂಯುಕ್ತಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳೆಂದು ವರ್ಗೀಕರಿಸಿತು. ಸ್ಯಾಕ್ಸನಿಯಲ್ಲಿ ಕೊಂದದ್ದು ಪಾಷಾಣ, ವೇಲ್ಸ್‌ನಲ್ಲಿ ಬೇರೆ ಧೂಳು. ಕಾರಣಗಳು ಒಂದೇ ಅಲ್ಲ. ಆದರೆ ಎರಡೂ ಕಡೆ ಹಾನಿಯನ್ನು ಮೊದಲು ಹೊತ್ತದ್ದು ಕುಲುಮೆಯ ಬಳಿ ನಿಂತವರ ದೇಹ.

ಲೋಹದ ಬಾಳಿಕೆಯನ್ನು ಅಳೆಯಲು ಉದ್ಯಮವು ವರ್ಷಕ್ಕೆ ಎಷ್ಟು ಮಿಲಿಮೀಟರ್ ಸವೆಯಿತು ಎಂಬ ಲೆಕ್ಕವನ್ನು ರೂಪಿಸಿಕೊಂಡಿತು. ದುಡಿಯುವವರ ಸವೆತದ ಲೆಕ್ಕ ಬರಲು ಅನೇಕ ದಶಕಗಳು ಬೇಕಾದವು. ಗಣಿಗಾರರ ಹಳೆಯ ಹೆಸರಿನಲ್ಲಿ ಅದಿರಿನ ಗುಣವೂ ಮನುಷ್ಯನ ನೋವೂ ಒಂದೇ ಶಬ್ದದಲ್ಲಿ ಸೇರಿದ್ದವು. ವ್ಯಾಪಾರನಾಮಗಳಲ್ಲಿ ಅಧ್ಯಕ್ಷನಿಗೆ ಸ್ಥಳವಿದೆ, ಸಂಸ್ಥೆಗೆ ಸ್ಥಳವಿದೆ, ಕಾರ್ಮಿಕನಿಗಿಲ್ಲ.

ವೃತ್ತಿಪದಗಳ ಸಂಗ್ರಹಕಾರ್ಯ ಕನ್ನಡದಲ್ಲಿ ಗಣನೀಯವಾಗಿ ನಡೆದಿದೆ. ಸಲಕರಣೆಗಳ, ಪ್ರಕ್ರಿಯೆಗಳ ಹೆಸರುಗಳ ಜೊತೆಗೆ, ಹೊಗೆ, ಧೂಳು, ಕೆಮ್ಮು, ಗಾಯ, ದೃಷ್ಟಿ, ಗಾಳಿ ಮುಂತಾಗಿ ಕಸುಬುದಾರರು ತಮ್ಮ ಕೇಡುಗಳಿಗೆ ಇಟ್ಟ ಹೆಸರುಗಳನ್ನೂ, ಅವುಗಳ ಸುತ್ತಲಿನ ನಂಬಿಕೆಗಳನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಬೇಕಾಗಿದೆ. ಕಲಾಯಿ, ಕಂಚುಗಾರಿಕೆಯಂಥ ಕಸುಬುಗಳು ಮರೆಯಾಗುತ್ತಿರುವಾಗ ಈ ಕೆಲಸಕ್ಕೆ ಹೆಚ್ಚು ಕಾಲವಿಲ್ಲ. ಅಂಥ ನಂಬಿಕೆಯೊಂದು ಎದುರಾದಾಗ ಅದು ನಿಜವೇ ಸುಳ್ಳೇ ಎಂದು ಕೇಳುವ ಮೊದಲು, ಅದು ಯಾರ ಮೈಮೇಲಿನ ಯಾವ ಹಾನಿಯನ್ನು ಹೇಳುತ್ತಿದೆ ಎಂದು ಕೇಳಬೇಕೆಂಬುದು ನಿಕ್ಕಲ್‌ನ ಹೆಸರು ಕಲಿಸುವ ಪಾಠ.