ಪಾಯಿಂಟ್ ಮೂವತ್ತೆರಡರ ಲೆಕ್ಕ

ಕಾತ್ರಜದ ನಮ್ಮ ಸೊಸೈಟಿಯಲ್ಲಿ ಕನ್ನಡ ಮಾತಾಡುವ ಮನೆಗಳು ಮೂರು. ಅದರಲ್ಲಿ ಇಂಡಿ ತಾಲೂಕಿನ ಗೌಡರದು ಒಂದು. ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವುದು, ಊರ ಕಡೆಯಿಂದ ಆಳುಗಳನ್ನು ಕರೆಸಿ ಕಟ್ಟಡದ ಕೆಲಸಕ್ಕೆ ಹಚ್ಚುವುದು ಅವರ ಉದ್ಯೋಗ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಘಾಟಿನ ಆಚೆಯ ಸೈಟಿನಿಂದ ಬರುವಾಗ ಎರಡು ಮೋಟಾರ್ ಸೈಕಲ್ಲುಗಳು ಹಳೆಯ ಸುರಂಗದಿಂದ ಕಾತ್ರಜ ಚೌಕದವರೆಗೂ ಅವರ ಬೆನ್ನು ಬಿಡಲಿಲ್ಲವಂತೆ. ಏನೂ ಆಗಲಿಲ್ಲ. ಆದರೆ ಗೌಡರ ನಿದ್ದೆ ಹಾರಿತು. ಊರಲ್ಲಾದರೆ ಕೂಗಿದರೆ ನಾಲ್ಕು ಜನ ಬರುತ್ತಾರೆ. ಇಲ್ಲಿ ಯಾವ ಭಾಷೆಯಲ್ಲಿ ಕೂಗಬೇಕೆಂದು ಯೋಚಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಎರಡು ದಿನ ಬಿಟ್ಟು ಒಂದು ಅರ್ಜಿ ಫಾರ್ಮು ಹಿಡಿದು ಬಂದರು. "ಸಾಹೇಬ್ರ, ಲೈಸೆನ್ಸ್ ತಗೋಬೇಕಂತ ಮಾಡೇನ್ರಿ. ಅಂಗಡ್ಯಾಂವ ಪಾಯಿಂಟ್ ಬತ್ತೀಸ್ ರಿವಾಲ್ವರ್ ತಗೋರಿ ಅಂತಾನ. ನನ್ನ ಮಗ ಮೊಬೈಲ್‌ನ್ಯಾಗ ನೋಡಿ, ಬತ್ತೀಸ್ ಅಂದ್ರ ಆಟಿಗಿ ಸಾಮಾನ, ನೈನ್ ಎಂ.ಎಂ. ತಗೋ ಅಂತಾನ. ನೀವು ಬ್ಯಾಂಕಿನ್ಯಾಗ ಬಂದೂಕು ನೋಡಿದವ್ರು. ಯಾವ್ದು ಚೊಲೋರಿ?"

ನನ್ನ ಬಂದೂಕಿನ ಅನುಭವ ಹೇಳಿಕೊಳ್ಳುವಂಥದ್ದಲ್ಲ. ಗಾರ್ಡಿನ ಹೆಗಲ ಮೇಲಿನ ಹನ್ನೆರಡು ಬೋರಿನ ಬಂದೂಕು, ಅದರ ಲೈಸೆನ್ಸಿನ ನವೀಕರಣ, ತೋಟಾಗಳ ರಿಜಿಸ್ಟರು, ಇಷ್ಟೇ. ಒಮ್ಮೆ ಎಣಿಕೆಯಲ್ಲಿ ಒಂದು ತೋಟಾ ಕಮ್ಮಿ ಬಂತು. ನಗದಿನಲ್ಲಿ ಸಾವಿರ ರೂಪಾಯಿ ಕಮ್ಮಿ ಬಿದ್ದಿದ್ದರೆ ಕೈಯಿಂದ ತುಂಬಿ ಮನೆಗೆ ಹೋಗಬಹುದಿತ್ತು, ತೋಟಾ ಎಲ್ಲಿಂದ ತರುವುದು? ರಾತ್ರಿ ಒಂಬತ್ತಕ್ಕೆ ಗಾರ್ಡಿನ ಹಳೆಯ ಯೂನಿಫಾರ್ಮಿನ ಕಿಸೆಯಲ್ಲಿ ಸಿಕ್ಕಿತು. ಹನ್ನೆರಡು ಬೋರ್ ಅಂದರೆ ಏನೆಂದು ಹೇಳಿಕೊಟ್ಟವರೂ ಅವರೇ, ನಿವೃತ್ತ ಹವಾಲ್ದಾರರು: ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡು ಒಂದು ಪೌಂಡಿಗೆ ಹನ್ನೆರಡು ತೂಗುತ್ತದೆ ಎಂದು ಅರ್ಥ. ಪಿಸ್ತೂಲು ರಿವಾಲ್ವರುಗಳಲ್ಲಿ ಲೆಕ್ಕ ನೇರ. ಪಾಯಿಂಟ್ ಮೂವತ್ತೆರಡೆಂದರೆ ಒಂದು ಇಂಚಿನ ನೂರರಲ್ಲಿ ಮೂವತ್ತೆರಡು ಭಾಗ.

ಗೌಡರ ಮಗನ ಪ್ರಶ್ನೆ ಅಮೆರಿಕದ್ದು. ಅಲ್ಲಿ ಅದಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಫಿಲಿಪ್ಪೀನ್ಸ್‌ನ ಮೊರೋ ಜನರೊಡನೆ ಕಾದಾಡುವಾಗ ಪಾಯಿಂಟ್ 38ರ ಗುಂಡು ತಗುಲಿದರೂ ಆಳು ನಿಲ್ಲುವುದಿಲ್ಲ ಎಂದು ಅವರ ಸೈನಿಕರು ದೂರಿದರು. 1904ರಲ್ಲಿ ಸೈನ್ಯ ಹೆಣಗಳ ಮೇಲೆ, ಕಸಾಯಿಖಾನೆಯ ದನಗಳ ಮೇಲೆ ಗುಂಡು ಹಾರಿಸಿ ಪರೀಕ್ಷೆ ಮಾಡಿತು. 1911ರಲ್ಲಿ ಪಾಯಿಂಟ್ 45 ಪಿಸ್ತೂಲು ಬಂತು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ಎಫ್.ಬಿ.ಐ. ಅಧಿಕಾರಿಗಳು ಸತ್ತ ಮೇಲೆ ಅದೇ ವಾದ ಮತ್ತೆ ಎದ್ದಿತು. 9 ಎಂ.ಎಂ. ಸಾಲದೆಂದು ಪಾಯಿಂಟ್ 40 ತಂದರು, ಮೂರು ದಶಕದೊಳಗೆ ತಿರುಗಿ 9 ಎಂ.ಎಂ.ಗೇ ಬಂದರು. ಬ್ರಿಟಿಷರೂ ಮೊದಲನೆಯ ಮಹಾಯುದ್ಧದ ತನಕ 17 ಗ್ರಾಂ ತೂಕದ ಗುಂಡಿನ ಪಾಯಿಂಟ್ 455 ವೆಬ್ಲಿ ಹಿಡಿದಿದ್ದರು. ಅದನ್ನು ಹೊಸ ಸಿಪಾಯಿಗಳ ಕೈಗೆ ಹತ್ತಿಸುವುದು ಕಷ್ಟವೆಂದು ಕಂಡುಕೊಂಡು 1932ರಲ್ಲಿ ಪಾಯಿಂಟ್ 38ಕ್ಕೆ ಇಳಿದರು.

ನಮ್ಮಲ್ಲಿ ಈ ಪ್ರಶ್ನೆಯನ್ನು ಪ್ರಜೆ ಕೇಳಲೇ ಇಲ್ಲ, ಸರ್ಕಾರ ಕೇಳಿತು. ಅದೂ ತಿರುಗಿಸಿ: ಯಾವ ಆಯುಧ ಇವರ ಕೈಯಲ್ಲಿ ಇರಬಾರದು?

ಹಲಗಲಿಯ ಕಥೆ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಲಾವಣಿಯಿಂದ ಗೊತ್ತು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯಿದೆ ಬಂದಾಗ ಮುಧೋಳ ಸಂಸ್ಥಾನದ ಆ ಊರಿನ ಬೇಡರು ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ಕುಂಪಣಿಯ ದಂಡು ಊರಿಗೆ ಬೆಂಕಿ ಇಟ್ಟಿತು, ಡಿಸೆಂಬರಿನಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೆ ಹಾಕಿದರು. ಬೇಡನಿಗೆ ಬಂದೂಕು ಹೊಟ್ಟೆಯ ಪ್ರಶ್ನೆಯಾಗಿತ್ತು, ದೊರೆಗೆ ಗದ್ದುಗೆಯ ಪ್ರಶ್ನೆ. ಅದೇ ದೊರೆ ನಂಬಿಕಸ್ಥರೆಂದು ಕಂಡ ಕೊಡವರಿಗೆ 1861ರಲ್ಲಿ ವಿನಾಯಿತಿ ಕೊಟ್ಟ. ಅದು ಇಂದಿಗೂ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 1878ರ ಆರ್ಮ್ಸ್ ಆಕ್ಟ್ ಉಳಿದ ನಮ್ಮವರನ್ನೆಲ್ಲ ಲೈಸೆನ್ಸಿಗೆ ಕಟ್ಟಿಹಾಕಿ, ಯುರೋಪಿಯನ್ನರನ್ನು ಹೊರಗಿಟ್ಟಿತು.

ಬೋರಿನ ಲೆಕ್ಕ ಬಂದದ್ದು ಆಮೇಲೆ. ಬರೀ ಬಂದೂಕಿನಿಂದ ಏನೂ ಆಗುವುದಿಲ್ಲ, ತೋಟಾ ಬೇಕು. ತೋಟಾ ಕದಿಯಲು ಸೈನ್ಯದ ಉಗ್ರಾಣವೇ ದೊಡ್ಡ ಜಾಗ. ಹಾಗಾದರೆ ಸೈನ್ಯದ ತೋಟಾ ಕೂರುವ ಆಯುಧ ಖಾಸಗಿಯವರ ಕೈಗೇ ಸಿಗದಂತೆ ಮಾಡಿದರಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪಾಯಿಂಟ್ 450 ರೈಫಲ್ಲುಗಳನ್ನು ಭಾರತಕ್ಕೆ ತರುವುದನ್ನು ನಿಲ್ಲಿಸಿದರು. ಹುಲಿ ಬೇಟೆಯ ಸಾಹೇಬರು ಗೊಣಗಿದರು, ಲಂಡನ್ನಿನ ಬಂದೂಕು ಕಂಪನಿಗಳು ತಕ್ಷಣ 465, 470 ಎಂದು ಹೊಸ ಅಳತೆ ಹುಟ್ಟಿಸಿದವು! ತೆರಿಗೆ ಕಾಯಿದೆ ಬದಲಾದ ಮರುದಿನವೇ ನಮ್ಮ ವ್ಯಾಪಾರಿ ಗ್ರಾಹಕರು ಹೊಸ ಖಾತೆ ತೆರೆಯುತ್ತಿದ್ದುದು ನೆನಪಾಗುತ್ತದೆ.

ಸ್ವತಂತ್ರ ಭಾರತ 1878ರ ಕಾಯಿದೆ ತೆಗೆದು 1959ರದನ್ನು ತಂದಿತು, ಅದು 1962ರ ಅಕ್ಟೋಬರ್ 1ರಿಂದ ಜಾರಿಯಾಯಿತು. ಆದರೆ ಬೋರಿನ ತರ್ಕ ಹಾಗೇ ಉಳಿಯಿತು. ಸೈನ್ಯದ ತೋಟಾಗಳಾದ 380, 455, ಮತ್ತು 9 ಎಂ.ಎಂ. ಕೂರುವ ಪಿಸ್ತೂಲು ರಿವಾಲ್ವರುಗಳು ನಿಷಿದ್ಧ ಬೋರ್ ಆದವು. ಜರಡಿ ಹಿಡಿದ ಮೇಲೆ ಸಾಮಾನ್ಯನಿಗೆ ಉಳಿದದ್ದು ಮುಖ್ಯವಾಗಿ ಪಾಯಿಂಟ್ 32 ಮತ್ತು ಪಾಯಿಂಟ್ 22. ಆತ್ಮರಕ್ಷಣೆಗೆ ಯಾವುದು ಒಳ್ಳೆಯದೆಂದು ಅಳೆದು ಯಾರೂ 32ನ್ನು ಆರಿಸಲಿಲ್ಲ. ಸೈನ್ಯಕ್ಕೆ ಬೇಡವಾದದ್ದು ನಮಗೆ ಬಂತು. ಎಂಬತ್ತರ ದಶಕದಲ್ಲಿ ವಿದೇಶಿ ಆಯುಧದ ಆಮದೂ ನಿಂತಿತು. ಆಮೇಲೆ ಕಾನಪುರದ ಸರ್ಕಾರಿ ಕಾರ್ಖಾನೆ ವೆಬ್ಲಿಯ ಮಾದರಿಯಲ್ಲೇ 32ರ ರಿವಾಲ್ವರ್ ಮಾಡತೊಡಗಿತು. 2014ರಲ್ಲಿ ಹೆಂಗಸರ ರಕ್ಷಣೆಗೆಂದು ಅದೇ ಬೋರಿನಲ್ಲಿ ಅರ್ಧ ಕಿಲೋ ತೂಕದ "ನಿರ್ಭೀಕ್" ಬಂತು. ಬೆಲೆ 1,22,360 ರೂಪಾಯಿ. ಯಾವ ಹೆಂಗಸರಿಗೆ ಎಂದು ಆಗಲೇ ಜನ ಕೇಳಿದ್ದರು.

ಅಂಕಿಗಳಲ್ಲಿ ಗೌಡರ ಮಗ ಹೇಳಿದ್ದು ಸುಳ್ಳಲ್ಲ. 32ರ ರಿವಾಲ್ವರಿನ ಗುಂಡು ಆರು ಗ್ರಾಂ ಚಿಲ್ಲರೆ, ವೇಗ ಸೆಕೆಂಡಿಗೆ ಇನ್ನೂರು ಮೀಟರ್ ಚಿಲ್ಲರೆ. 9 ಎಂ.ಎಂ. ಗುಂಡು ಏಳೆಂಟು ಗ್ರಾಂ, ವೇಗ ಮುನ್ನೂರೈವತ್ತು ದಾಟುತ್ತದೆ. ಹೊಡೆತದ ಶಕ್ತಿ ಸುಮಾರು ಮೂರು ಪಟ್ಟು. ಆದರೆ ಈ ಊರಿನ ಇತಿಹಾಸ ಬೇರೆಯದನ್ನೂ ಹೇಳುತ್ತದೆ. 1897ರ ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡನನ್ನು ಹೊಡೆದದ್ದು ಅವನ ಗಾಡಿಯನ್ನೇ ಹತ್ತಿ. 1948ರ ಜನವರಿ 30ರಂದು ದಿಲ್ಲಿಯಲ್ಲಿ ಗಾಂಧೀಜಿಗೆ ಮೂರು ಗುಂಡು ಹೊಡೆದವನೂ ಪುಣೆಯಿಂದ ಹೋದವನು. ಅವನ ಕೈಯಲ್ಲಿದ್ದ ಬೆರೆಟಾ ಪಿಸ್ತೂಲಿನದು ಸೈನ್ಯದ 9 ಎಂ.ಎಂ.ಗಿಂತ ಗಿಡ್ಡ, ಕಮ್ಮಿ ಬಲದ ತೋಟಾ. ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ಬೋರಿನ ವಾದಕ್ಕೆ ಬೆಲೆ ಇಲ್ಲ. ಮತ್ತು ಹಾಗೆ ಹತ್ತಿರ ಬರುವವನು ಮೊದಲೇ ತಯಾರಾಗಿ ಬಂದಿರುತ್ತಾನೆ; ತಯಾರಿಲ್ಲದವನು ಗೌಡರು.

ಇದನ್ನೆಲ್ಲ ಎರಡು ಸಂಜೆ ಚಹದ ಜೊತೆ ಹೇಳಿದೆ. ಇದೇ ಊರಿನ ಇನ್ನೊಂದು ತುದಿ ಖಡಕಿಯಲ್ಲಿ 1869ರಿಂದ ತೋಟಾ ಕಾರ್ಖಾನೆ ನಡೆಯುತ್ತಿದೆ ಎಂದಾಗ ಅವರಿಗೆ ಖುಷಿಯಾಯಿತು. "ಅಂದ್ರ ಮಾಲು ಊರಾಗ ಐತಿ, ನಮಗ ಇಲ್ಲ" ಅಂದರು.

"32ನೇ ತಗೋತೀನ್ರಿ ಹಂಗಾರ."

"ತಗೋರಿ. ತಿಂಗಳಿಗೆ ಎರಡು ಸಲ ಊರಿಗೆ ಹೋಗ್ತೀರಲ್ಲ, ಸೊಲ್ಲಾಪುರದ ಮೇಲೆ?"

"ಹೌದ್ರಿ."

ಲೈಸೆನ್ಸು ಯಾವ ಸೀಮೆಯೊಳಗೆ ನಡೆಯುತ್ತದೆಂದು ಅದರಲ್ಲೇ ಬರೆದಿರುತ್ತದೆ. ಪುಣೆಯ ಪೊಲೀಸ್ ಕಮಿಷನರು ಮಹಾರಾಷ್ಟ್ರಕ್ಕೆಂದು ಕೊಟ್ಟರೆ ಭೀಮಾ ನದಿ ದಾಟಿ ಧೂಳಖೇಡಕ್ಕೆ ಕಾಲಿಟ್ಟ ಕೂಡಲೇ ಅದು ಲೈಸೆನ್ಸಿಲ್ಲದ ಆಯುಧ. ಇಡೀ ದೇಶಕ್ಕೆ ಬೇಕೆಂದರೆ ಬೇರೆ ಕಾರಣ ತೋರಿಸಬೇಕು. ಚುನಾವಣೆ ಬಂದರೆ ಠಾಣೆಯಲ್ಲಿ ಒಪ್ಪಿಸಬೇಕಾಗಿ ಬರಬಹುದು. ಮನೆಯಲ್ಲಿ ಬೀಗದೊಳಗೆ ಇಡಬೇಕು. ತೋಟಾ ಎಣಿಸಿ ಎಣಿಸಿ ರೂಢಿಯಾದ ನನಗೇ ಇದು ಬೇಸರದ ಕೆಲಸವಾಗಿತ್ತು.

ಗೌಡರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಊರಾಗ ನಮ್ಮಪ್ಪನ ಹೆಸರಿಲೆ ಒಂದು ಹನ್ನೆರಡು ಬೋರ್ ಇತ್ರಿ. ಅಪ್ಪ ತೀರಿದ ಮ್ಯಾಲ ಠಾಣೇಕ್ ಕೊಟ್ಟು ಬಂದ್ವಿ. ಅದು ಈಗ ಎಲ್ಲಿರತದೋ?"

ನನಗೆ ಗೊತ್ತಿರಲಿಲ್ಲ. ಅರ್ಜಿ ಫಾರ್ಮು ಇನ್ನೂ ಅವರ ಮನೆಯ ಫ್ರಿಜ್ಜಿನ ಮೇಲಿದೆ, ಅರ್ಧ ತುಂಬಿದ್ದು. ಆಳುಗಳ ಪಗಾರ ಈಗ ಮೊಬೈಲಿನಲ್ಲೇ ಹೋಗುತ್ತದೆ. ರಾತ್ರಿಯಾದರೆ ಹಳೆಯ ಘಾಟು ಬಿಟ್ಟು ಹೊಸ ಸುರಂಗದ ಹೈವೇ ಹಿಡಿದು ಬರುತ್ತಾರೆ. ಸುತ್ತಾಗುತ್ತದೆ, ಲಾರಿಗಳ ಸಾಲು ಬೇರೆ. ಬಂದ ಮೇಲೆ ಕೆಳಗಿನಿಂದಲೇ ಹಾರ್ನ್ ಹೊಡೆಯುತ್ತಾರೆ, ನಾನು ಬಾಲ್ಕನಿಯ ದೀಪ ಆರಿಸುತ್ತೇನೆ.