ಮದ್ದಿನ ಅಳತೆ: ಕೊಡಗು-ಮಲೆನಾಡಿನ ಕೋವಿ ಮತ್ತು ಸುರಕ್ಷಿತ ಈಡಿನ ತಿಳಿವಳಿಕೆ

ಕೊಡಗು ಮತ್ತು ಮಲೆನಾಡಿನ ಕೋವಿಯನ್ನು ಕುರಿತ ನಮ್ಮ ಜಾನಪದ ಅಧ್ಯಯನಗಳು ಬಹುಮಟ್ಟಿಗೆ ಪೂಜೆಯ ಕೋವಿಯನ್ನು ಮಾತ್ರ ಕಂಡಿವೆ. ಕೈಲ್‌ಪೊಳ್ದ್ ಹಬ್ಬ, ಬೇಟೆಯ ಪದಗಳು, ಹುಟ್ಟು-ಸಾವುಗಳಲ್ಲಿ ಹಾರಿಸುವ ಗುಂಡು ಇವುಗಳ ವಿವರಣೆ ಸಾಕಷ್ಟು ದೊರೆಯುತ್ತದೆ. ಆದರೆ ಕೋವಿಯ ನಳಿಗೆಯೊಳಗೆ ಏನನ್ನು ತುಂಬಬೇಕು, ಎಷ್ಟು ತುಂಬಬೇಕು, ಯಾವುದನ್ನು ತುಂಬಲೇಬಾರದು ಎಂಬ ತಿಳಿವಳಿಕೆಯನ್ನು ದಾಖಲಿಸಬೇಕೆಂದು ನಮ್ಮ ಸಂಗ್ರಾಹಕರಿಗೆ ಅನ್ನಿಸಿದಂತಿಲ್ಲ. ನೇಗಿಲು, ಮಗ್ಗ, ಕುಲುಮೆಗಳಿಗೆ ಸಂಬಂಧಿಸಿದ ವೃತ್ತಿಪದಗಳನ್ನು ಶ್ರದ್ಧೆಯಿಂದ ಕೂಡಿಹಾಕಿದ ಶಾಸ್ತ್ರವು ಈಡಿನ ವಿಷಯದಲ್ಲಿ ಮೌನವಾಗಿರುವುದು ಸೋಜಿಗದ ಸಂಗತಿ. ಹಳೆಯ ಕೋವಿಗಳು ಇನ್ನೂ ಮನೆಮನೆಯಲ್ಲಿ ಉಳಿದಿದ್ದು, ಅವನ್ನು ತುಂಬಲು ಬಲ್ಲವರ ತಲೆಮಾರು ಮರೆಯಾಗುತ್ತಿರುವುದರಿಂದ ಈ ಮೌನ ಕೇವಲ ಶಾಸ್ತ್ರದ ಕೊರತೆಯಾಗಿ ಉಳಿದಿಲ್ಲ. ಕಣ್ಣು-ಕೈಗಳ ಪ್ರಶ್ನೆಯೂ ಆಗಿದೆ.

ಮೊದಲು ಪದಗಳನ್ನು ನೋಡಬಹುದು. ‘ಕೋವಿ’ ಎಂದರೆ ಮೂಲತಃ ಕೊಳವೆ. ಕೊಡವ ಭಾಷೆಯ ‘ತೋಕ್’ ಮಲಯಾಳದ ‘ತೋಕ್ಕ್’ಗೆ ಸಮೀಪದ್ದು. ‘ತುಪಾಕಿ’ ತುರ್ಕಿ ಮೂಲದಿಂದ ಬಂದುದು. ಇವೆಲ್ಲಕ್ಕಿಂತ ಅರ್ಥಪೂರ್ಣವಾದದ್ದು ‘ಮದ್ದು’ ಎಂಬ ಪದ. ಕನ್ನಡದಲ್ಲಿ ಅದು ಔಷಧ. ಯಾರಿಗೋ ಕದ್ದು ಉಣಿಸುವ ವಿಷವೂ ಹೌದು. ಕೋವಿಗೆ ತುಂಬುವ ಸಿಡಿಪುಡಿಯೂ ಹೌದು. ಮೂರರಲ್ಲಿಯೂ ಸಮಾನವಾದ ಅಂಶವೆಂದರೆ ಅಳತೆ. ಪೆಟ್ಲುಪ್ಪು ಸುಮಾರು 75 ಭಾಗ, ಇದ್ದಿಲು 15, ಗಂಧಕ 10 ಎಂಬುದು ಕಪ್ಪುಮದ್ದಿನ ಪ್ರಸಿದ್ಧ ಪಾಕ. ಪಾಕ ಸರಿಯಿದ್ದರೂ ನಳಿಗೆಗೆ ಬೀಳುವ ಪ್ರಮಾಣ ತಪ್ಪಿದರೆ ಮದ್ದು ವಿಷವಾಗುತ್ತದೆ. ಶ್ರೀರಂಗಪಟ್ಟಣದ ‘ಮದ್ದಿನ ಮನೆ’ಗಳು ನೆಲಮಟ್ಟಕ್ಕಿಂತ ತಗ್ಗಿನಲ್ಲಿ, ದಪ್ಪಗೋಡೆಗಳೊಡನೆ ನಿರ್ಮಾಣಗೊಂಡಿರುವುದರಲ್ಲಿಯೂ ಇದೇ ಭಯವನ್ನು ಗುರುತಿಸಬಹುದು. ಅವುಗಳಲ್ಲಿ ಒಂದನ್ನು 2017ರಲ್ಲಿ ರೈಲು ಜೋಡಿಮಾರ್ಗಕ್ಕಾಗಿ ಇಡಿಯಾಗಿ ಸರಿಸಲಾಯಿತು.

ಮಲೆನಾಡಿನಲ್ಲಿ ‘ಕೇಪಿನ ಕೋವಿ’ ಎಂದು ಹೆಸರಾದುದು ಬಾಯಿಯಿಂದ ತುಂಬುವ ಕೋವಿ. ಬಡಿದರೆ ಕಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಪೇಟೆಂಟ್ ಪಡೆದನು. ತಾಮ್ರದ ಪುಟ್ಟ ಕೇಪು ಬಂದದ್ದು ಅದರ ಮುಂದಿನ ದಶಕಗಳಲ್ಲಿ. ಇಂತಹ ಕೋವಿಗೆ ಮೊದಲು ಮದ್ದು, ಅದರ ಮೇಲೆ ತೆಂಗಿನ ನಾರಿನ ಕತ್ತ, ಬಳಿಕ ಗುಂಡು ಅಥವಾ ಚರೆ, ಮತ್ತೆ ಕತ್ತ. ಪ್ರತಿಯೊಂದನ್ನೂ ಗಜದಿಂದ ಜಡಿಯಬೇಕು. ಅಳತೆ ಬೆರಳಿನ ಲೆಕ್ಕದ್ದು. ಖಾಲಿ ನಳಿಗೆಗೆ ಇಳಿಬಿಟ್ಟಾಗ ಬಾಯಿಗೆ ಸಮನಾಗಿ ನಿಲ್ಲುವ ಗಜವು ತುಂಬಿದ ಮೇಲೆ ಎಷ್ಟು ಬೆರಳು ಹೊರಗೆ ಚಾಚಿಕೊಂಡಿದೆ ಎಂಬುದೇ ಈಡಿನ ಪ್ರಮಾಣ. ನೋಡಲು ಒರಟೆನಿಸುವ ಈ ಅಳತೆಯ ಜಾಣ್ಮೆ ಮೆಚ್ಚತಕ್ಕದ್ದು. ಅದು ಮದ್ದನ್ನಷ್ಟೇ ಅಳೆಯುವುದಿಲ್ಲ. ಕೋವಿ ತುಂಬಿದೆಯೋ ಖಾಲಿಯಿದೆಯೋ, ಮರೆತು ಎರಡು ಸಲ ತುಂಬಲಾಗಿದೆಯೋ, ಗುಂಡು ಮದ್ದಿನ ಮೇಲೆ ಕೂರದೆ ನಡುವೆಯೇ ಸಿಕ್ಕಿಕೊಂಡಿದೆಯೋ ಎಂಬ ಮೂರು ಪ್ರಶ್ನೆಗಳಿಗೂ ಒಂದೇ ಸರಳಿನಿಂದ ಉತ್ತರ ದೊರೆಯುತ್ತದೆ. ಮೂರನೆಯದು ವಿಶೇಷ ಅಪಾಯದ್ದು. ಮದ್ದಿಗೂ ಗುಂಡಿಗೂ ನಡುವೆ ಪೊಳ್ಳು ಉಳಿದರೆ ನಳಿಗೆ ಅಲ್ಲಿ ಉಬ್ಬುತ್ತದೆ ಇಲ್ಲವೆ ಸೀಳುತ್ತದೆ. ಕತ್ತವನ್ನು ಬಿಗಿಯಾಗಿ ಜಡಿಯಬೇಕೆಂಬ ಪಾಠವನ್ನು ಮಲೆನಾಡಿನ ಹುಡುಗರು ಬಿದಿರಿನ ‘ಪೆಟ್ಲು’ ಆಟಿಕೆಯಿಂದಲೇ ಕಲಿಯುತ್ತಿದ್ದರೆಂದು ಹೇಳಲು ಅಡ್ಡಿಯಿಲ್ಲ. ಕಾಯಿ ಸಡಿಲವಾಗಿದ್ದರೆ ಪೆಟ್ಲು ಸದ್ದು ಮಾಡದು.

ಹೊಡೆದ ಮೇಲೆ ನಳಿಗೆಗೆ ಬಿಸಿನೀರು ಹುಯ್ದು ತೊಳೆಯುವ ವಾಡಿಕೆಯನ್ನೂ ಇಲ್ಲಿ ಗಮನಿಸಬೇಕು. ಕಪ್ಪುಮದ್ದಿನ ಉರಿದುಳಿದ ಕಿಟ್ಟ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಆರು ತಿಂಗಳ ಮಳೆಯ ಸೀಮೆಯಲ್ಲಿ ತೊಳೆಯದ ಕೋವಿ ಮುಂದಿನ ಈಡಿಗೆ ಬಲಹೀನವಾಗಿರುತ್ತದೆ.

ಈ ತಿಳಿವಳಿಕೆ ಕೊಡಗಿನಲ್ಲಿ ಅಷ್ಟು ವ್ಯಾಪಕವಾಗಿ ಉಳಿಯಲು ಚಾರಿತ್ರಿಕ ಕಾರಣವಿದೆ. 1857ರ ದಂಗೆಯ ಬಳಿಕ ಬ್ರಿಟಿಷ್ ಸರ್ಕಾರ ಪ್ರಜೆಗಳ ಆಯುಧಗಳನ್ನು ಕಿತ್ತುಕೊಳ್ಳಲು ಮುಂದಾಯಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದೇ ವರ್ಷ ಇದನ್ನು ಪ್ರತಿಭಟಿಸಿ ಪ್ರಾಣತೆತ್ತ ಕಥೆ ಲಾವಣಿಯಾಗಿ ಉಳಿದಿದೆ. ಕೊಡವರಿಗೆ ಮಾತ್ರ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ 1861ರ ಫೆಬ್ರವರಿ 26ರಂದು ನಿರಾಯುಧೀಕರಣ ಕಾಯ್ದೆಯಿಂದ ವಿನಾಯಿತಿ ನೀಡಿದನು. ಒಂದು ನಾಡಿನಲ್ಲಿ ಕೋವಿ ಹಾಡಿಗೆ ಸರಿಯಿತು, ಇನ್ನೊಂದರಲ್ಲಿ ಗೋಡೆಯ ಗೂಟದಲ್ಲಿಯೇ ಉಳಿಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಂತರವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಮುಂದುವರಿದು, 2019ರ ಅಧಿಸೂಚನೆಯಂತೆ 2029ರವರೆಗೆ ವಿಸ್ತರಣೆಗೊಂಡಿದೆ. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಇದನ್ನು ಎತ್ತಿಹಿಡಿಯಿತು. ವಿನಾಯಿತಿಯ ನ್ಯಾಯಾನ್ಯಾಯಗಳ ಚರ್ಚೆ ಬೇರೆ. ಪ್ರಸ್ತುತ ಗಮನಿಸಬೇಕಾದುದು ಇಷ್ಟು: ಒಂದೇ ಮನೆಯಲ್ಲಿ ಮೂರು ನಾಲ್ಕು ತಲೆಮಾರಿನ ಕೋವಿಗಳು, ಮೂರು ನಾಲ್ಕು ಬಗೆಯ ಈಡನ್ನು ಬೇಡುವಂಥವು, ಒಟ್ಟಿಗೆ ಉಳಿದುಕೊಂಡಿವೆ.

ತೊಡಕು ಹುಟ್ಟಿದ್ದು ತೋಟಾಕೋವಿಯೊಂದಿಗೆ. ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದನು. ಕಪ್ಪುಮದ್ದಿನ ಕಾಲದ ನಳಿಗೆಗಳನ್ನು, ವಿಶೇಷವಾಗಿ ಕಬ್ಬಿಣ-ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ, ಮೈಮೇಲೆ ಅಲೆಯ ಚಿತ್ತಾರವುಳ್ಳ ‘ಡಮಾಸ್ಕಸ್’ ನಳಿಗೆಗಳನ್ನು, ಹೊಸ ಮದ್ದಿನ ಒತ್ತಡಕ್ಕಾಗಿ ಮಾಡಿದ್ದಲ್ಲ. ಇಂಗ್ಲೆಂಡಿನಲ್ಲಿ ನಳಿಗೆಗಳನ್ನು ಪರೀಕ್ಷಿಸಿ ಮುದ್ರೆಯೊತ್ತುವ ಮನೆಗಳು ಲಂಡನ್ನಿನಲ್ಲಿಯೂ ಬರ್ಮಿಂಗ್‌ಹ್ಯಾಮಿನಲ್ಲಿಯೂ ಇದ್ದು, ಹೊಗೆರಹಿತ ಮದ್ದಿಗೆ ತಾಳುವವಕ್ಕೆ ‘ನೈಟ್ರೋ ಪ್ರೂಫ್’ ಎಂಬ ಬೇರೆ ಮುದ್ರೆಯನ್ನೇ ಒತ್ತುತ್ತಿದ್ದವು. ಅಜ್ಜನ ಕೋವಿಯ ಚಿತ್ತಾರವನ್ನು ಹೊಗಳುವವರು ನಳಿಗೆಯ ಕೆಳಮೈಯ ಈ ಪುಟ್ಟ ಮುದ್ರೆಯನ್ನು ನೋಡುವುದು ಅಪರೂಪ. ಹೆಣಿಗೆಯ ಬೆಸುಗೆಯೊಳಗೆ ಸೇರಿದ ತುಕ್ಕು ಹೊರಗೆ ಕಾಣುವುದೂ ಇಲ್ಲ.

ತೋಟಾದ ಉದ್ದವೂ ಇಂತಹುದೇ. ಹಳೆಯ ಇಂಗ್ಲಿಷ್ ಹನ್ನೆರಡು ಬೋರಿನ ಕೋವಿಗಳಲ್ಲಿ ಅನೇಕವು ಎರಡೂವರೆ ಅಂಗುಲದ, ಎಂದರೆ 65 ಮಿ.ಮೀ. ತೋಟಾಕ್ಕೆ ಕೊರೆದವು, ಈಗ ಸಾಮಾನ್ಯವಾದುದು 70 ಮಿ.ಮೀ. ತೋಟಾದ ಉದ್ದವನ್ನು ಅದು ಬಿಚ್ಚಿಕೊಂಡ ಮೇಲಿನ ಅಳತೆಯಿಂದ ಹೇಳುವುದರಿಂದ, ಮಡಿಸಿದ ಬಾಯಿಯ ಉದ್ದನೆಯ ತೋಟಾ ಗಿಡ್ಡ ಗೂಡಿನೊಳಗೆ ಸಲೀಸಾಗಿ ಕೂರುತ್ತದೆ. ಹೊಡೆದಾಗ ಬಾಯಿ ಪೂರ್ತಿ ತೆರೆದುಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ‘ಒಳಗೆ ಹೋಯಿತು, ಆದ್ದರಿಂದ ಸರಿಯಾದುದು’ ಎಂಬ ಸಾಮಾನ್ಯ ತರ್ಕ ಇಲ್ಲಿ ಕೈಕೊಡುತ್ತದೆ. ಇಪ್ಪತ್ತು ಬೋರಿನ ತೋಟಾ ಹನ್ನೆರಡು ಬೋರಿನ ನಳಿಗೆಯಲ್ಲಿ ಜಾರಿ ಮುಂದೆ ಸಿಕ್ಕಿಕೊಂಡು, ಹಿಂದೆ ಇನ್ನೊಂದು ತೋಟಾಕ್ಕೆ ಎಡೆಗೊಟ್ಟು ನಳಿಗೆ ಒಡೆಯುವುದು ಇದಕ್ಕಿಂತ ಭೀಕರ. ಬೋರಿನ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ ಎಂಬುದೇ ಹಲವರಿಗೆ ಗೊಂದಲ. ಒಂದು ಪೌಂಡು ಸೀಸದಲ್ಲಿ ನಳಿಗೆಯ ಅಗಲದ ಎಷ್ಟು ಗುಂಡುಗಳಾಗುತ್ತವೆ ಎಂಬುದು ಅದರ ಲೆಕ್ಕ.

ಕೈಕೋವಿಗಳಲ್ಲಿ ಹೆಸರೇ ಮೋಸ ಮಾಡುತ್ತದೆ. ಕಾನ್ಪುರದ ಕಾರ್ಖಾನೆಯ ರಿವಾಲ್ವರನ್ನೂ ಈಶಾಪುರದ ‘ಅಶನಿ’ ಪಿಸ್ತೂಲನ್ನೂ ಜನ .32 ಎಂದೇ ಕರೆಯುತ್ತಾರೆ. ಆದರೆ ಮೊದಲನೆಯದರ ತೋಟಾ ಅಂಚುಳ್ಳ, ಉದ್ದನೆಯ, ಕಡಿಮೆ ಒತ್ತಡದ್ದು. ಎರಡನೆಯದರದು ಗಿಡ್ಡವಾದರೂ ಹೆಚ್ಚಿನ ಒತ್ತಡದ್ದು. ಪಿಸ್ತೂಲಿನದು ಈ ಬಗೆಯ ರಿವಾಲ್ವರಿನ ಗೂಡಿನೊಳಗೆ ಕೂರಬಲ್ಲದು ಎಂಬುದರಲ್ಲಿಯೇ ಅಪಾಯವಿದೆ. ಅಮೆರಿಕದಲ್ಲಿ 1935ರಲ್ಲಿ .357 ಮ್ಯಾಗ್ನಂ ತೋಟಾವನ್ನು ರೂಪಿಸಿದವರು, ಹಳೆಯ .38 ಸ್ಪೆಷಲ್ ರಿವಾಲ್ವರುಗಳಿಗೆ ಅದು ಹೋಗಬಾರದೆಂದೇ ಅಂಗುಲದ ಎಂಟನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಉದ್ದ ಮಾಡಿದರು. ಬೆರಳಿನ ಅಳತೆ ಹೇಳುತ್ತಿದ್ದುದನ್ನು ಇಲ್ಲಿ ಲೋಹದ ಆಕಾರಕ್ಕೆ ಹೇಳಿಕೊಡಲಾಯಿತು. ಎಲ್ಲ ತಯಾರಕರೂ ಎಲ್ಲ ತೋಟಾಗಳಲ್ಲಿಯೂ ಈ ಎಚ್ಚರವನ್ನು ವಹಿಸಲಿಲ್ಲ. ಆದ್ದರಿಂದ ಕೋವಿಯ ಮೇಲೆ ಕೊರೆದ ಪೂರ್ಣ ಹೆಸರು ಮತ್ತು ತೋಟಾದ ಬುಡದ ಬರಹ ಇವೆರಡೂ ಒಂದೇ ಆಗಿದ್ದಾಗ ಮಾತ್ರ ತುಂಬುವುದು ಕ್ಷೇಮ.

ಕಾಗದದ ತೋಟಾಗಳ ಕಾಲದ ಇನ್ನೊಂದು ಕಷ್ಟ ಮಳೆಗಾಲದ್ದು. ತೇವಕ್ಕೆ ಉಬ್ಬಿದ ತೋಟಾ ಗೂಡಿಗೆ ಹೋಗದು; ಬಲವಂತದಿಂದ ತುರುಕಿದರೆ ಹೊರಗೆ ಬಾರದು. ತೇವ ತಗುಲಿದ ಮದ್ದು ತಡವಾಗಿ ಹೊತ್ತಿಕೊಳ್ಳುವುದೂ ಉಂಟು. ಕುದುರೆ ಬಿದ್ದರೂ ಸದ್ದಾಗದಿದ್ದರೆ ಕೋವಿಯನ್ನು ನಿರಪಾಯದ ದಿಕ್ಕಿಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕೆಂಬ ನಿಯಮ ಇದರಿಂದಲೇ ಬಂದುದು.

ಇನ್ನು ಆಚರಣೆಯ ಕೋವಿ. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮರಣವಾದರೆ ಬೆನ್ನುಬೆನ್ನಿಗೆ ಎರಡು. ಪುತ್ತರಿಯಲ್ಲಿ ಕದಿರು ತೆಗೆಯುವಾಗಲೂ ಗುಂಡು ಹಾರುತ್ತದೆ. ಇವೆಲ್ಲ ಊರಿಗೆ ಸುದ್ದಿ ಮುಟ್ಟಿಸುವ ಸದ್ದುಗಳು. ಬಾಯಿಯಿಂದ ತುಂಬುವ ಕೋವಿಯಲ್ಲಿ ಗುಂಡಿಲ್ಲದೆ ಮದ್ದು, ಕತ್ತಗಳಿಂದಲೇ ಇಂತಹ ಸದ್ದು ಮಾಡಬಹುದಿತ್ತು. ಅಂಗಡಿಯ ತೋಟಾದಲ್ಲಿ ಆ ಆಯ್ಕೆ ಇಲ್ಲ. ಸದ್ದಿನೊಡನೆ ಚರೆಯೂ ಹೊರಡುತ್ತದೆ. ಮದುವೆಮನೆ, ಹಬ್ಬದ ಅಂಗಳಗಳಲ್ಲಿ ಆಕಾಶಕ್ಕೆ ಹಾರಿಸಿದ ಈಡು ಎಲ್ಲಿಗೆ ಇಳಿಯುತ್ತದೆ ಎಂಬ ಪ್ರಶ್ನೆ ಹುಟ್ಟಿದ್ದು ಈ ಬದಲಾವಣೆಯಿಂದ. ಸಂಪ್ರದಾಯ ಹಾಗೆಯೇ ಉಳಿದಿದೆ ಎಂದು ಬರೆಯುವ ಸಂಶೋಧಕರು ಈಡು ಬದಲಾಗಿರುವುದನ್ನು ಬಿಟ್ಟುಬಿಡುತ್ತಾರೆ.

ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ನಂದು ಕೋವಿಗಳನ್ನು ತೊಳೆದು, ದೀಪದ ಮುಂದೆ ಜೋಡಿಸಿ, ತೋಕ್‌ಪೂವಿನಿಂದ ಅಲಂಕರಿಸುತ್ತಾರೆ. ಪೂಜೆಯ ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಮನೆಯ ಎಲ್ಲ ಕೋವಿಗಳೂ ಗೋಡೆಯಿಂದ ಕೆಳಗಿಳಿದು ಹಗಲು ಬೆಳಕಿನಲ್ಲಿ ಕಾಣಸಿಗುವ ದಿನ ಅದು. ನಳಿಗೆಯ ಮುದ್ರೆ, ಗೂಡಿನ ಉದ್ದ, ಗಜದ ಅಳತೆ, ಮನೆಯ ಹಿರಿಯರು ಹೇಳುವ ಬೆರಳಿನ ಲೆಕ್ಕ ಇವನ್ನು ಹಾಡಿನ ಪಾಠದ ಜೊತೆಯಲ್ಲಿಯೇ ಬರೆದುಕೊಳ್ಳಲು ಕ್ಷೇತ್ರಕಾರ್ಯಕರ್ತನಿಗೆ ಅಂದು ಅರ್ಧ ಹೊತ್ತು ಸಾಕು.