ಮಡಚುವ ಅಲಗು: ಕೀಲಿನ ಕಥೆ

ಮಡಚುವ ಚಾಕು ಎಂದರೆ ಜೇಬಿನಲ್ಲಿಟ್ಟುಕೊಳ್ಳುವುದೇ ನೆನಪಾಗುತ್ತದೆ. ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಅಡುಗೆಮನೆಗಳಲ್ಲಿ ಅದಕ್ಕಿಂತ ದೊಡ್ಡದೊಂದು ನೆಲದ ಮೇಲೆ ಕೂತು ದುಡಿದಿದೆ: ಈಳಿಗೆ ಮಣೆ.

ಇದರ ಸಾದಾ ಮಾದರಿಯಲ್ಲಿ ಅಲಗಿನ ಬುಡವನ್ನು ಮರಕ್ಕೆ ಬಡಿದು ಕೂರಿಸುತ್ತಾರೆ, ಅದು ಮಡಚುವುದಿಲ್ಲ. ಮಡಚುವ ಮಾದರಿಯಲ್ಲಿ ಅಲಗಿನ ಬುಡದ ತೂತಿನೊಳಗೆ ಹಾದ ಒಂದು ಕೀಲೇ ಎಲ್ಲಕ್ಕೂ ಆಧಾರ. ಕೂತವರ ಕಡೆಗೆ ಬಾಯಿ ಮಾಡಿದ ಅಲಗು ಅವರ ಕಡೆಗೇ ಮಡಚಿ ಮಣೆಯ ಮೇಲೆ ಮಲಗುತ್ತದೆ. ಕುಂಬಳಕಾಯಿಯನ್ನು ಒತ್ತಿದರೆ ಬಲ ಎದುರು ದಿಕ್ಕಿಗೆ ಹೋಗುತ್ತದೆ, ಅಲಗು ತಡೆಗೆ ಆತು ನಿಲ್ಲುತ್ತದೆ. ಹೆಚ್ಚುವ ಕೆಲಸವೇ ಅಲಗನ್ನು ಎತ್ತಿ ಹಿಡಿಯುವುದರಿಂದ ಬೀಗದ ಅಗತ್ಯ ಬೀಳುವುದಿಲ್ಲ. ಅಲಗಿನ ತುದಿಯ ಹಲ್ಲುಗಳಲ್ಲಿ ತೆಂಗಿನಕಾಯಿ ತುರಿಯುವಾಗ ಮಾತ್ರ ಲೆಕ್ಕ ತಪ್ಪುತ್ತದೆ. ಬಲ ಕೀಲಿನಿಂದ ದೂರದಲ್ಲಿ, ಅಡ್ಡಡ್ಡವಾಗಿ ಬೀಳುತ್ತದೆ. ತೂತು ಸವೆದು ಅಲಗು ಅಲ್ಲಾಡತೊಡಗುತ್ತದೆ.

ಕೀಲಿನ ಈ ತೊಂದರೆ ಹಳೆಯದು. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕ ಮಡಚುವ ಚಾಕು ಕ್ರಿಸ್ತಪೂರ್ವ 600-500ರ ಕಾಲದ್ದು. ಅಲ್ಲಿಂದ ಶತಮಾನಗಳ ಕಾಲ ಪರಿಹಾರ ಬಹುತೇಕ ಒಂದೇ: ಮೊಳೆ ತೂರಿಸಿ ಎರಡೂ ತುದಿಯನ್ನು ಬಡಿದು ಅಗಲಿಸುವ ರಿವೆಟ್. ಸ್ವಿಟ್ಜರ್‌ಲೆಂಡ್‌ನ ಕಾರ್ಲ್ ಎಲ್ಸೆನರ್ 1891ರಲ್ಲಿ ಸೈನ್ಯಕ್ಕೆ ಒದಗಿಸಲಾರಂಭಿಸಿದ ಚಾಕುವೂ ರಿವೆಟ್‌ನದೇ. ಸೈನಿಕನ ಬಂದೂಕು ಬಿಚ್ಚಲು ಅದರಲ್ಲಿ ಸ್ಕ್ರೂಡ್ರೈವರ್ ಇತ್ತು. ಚಾಕುವನ್ನೇ ಬಿಚ್ಚಲು ದಾರಿ ಇರಲಿಲ್ಲ!

ಬಿಚ್ಚಿ ಜೋಡಿಸುವ ಇಂದಿನ ಜೇಬುಚಾಕುವಿನಲ್ಲಿ ರಿವೆಟ್‌ನ ಜಾಗಕ್ಕೆ ತಿರುಪು ಬಂದಿದೆ. ಎರಡು ಲೋಹದ ಪಟ್ಟಿ, ನಡುವೆ ಅಲಗು, ಅಲಗಿನ ಎರಡೂ ಬದಿ ಕಂಚಿನ ಇಲ್ಲವೇ ನೈಲಾನ್ ವಾಷರ್, ಪಟ್ಟಿಗಳ ಅಂತರ ಕಾಯಲು ಸಣ್ಣ ಕಂಬಗಳು. ತಿರುಪಿನ ತಲೆ ಹೆಚ್ಚಾಗಿ ಆರು ಮೂಲೆಯ ನಕ್ಷತ್ರದಂತಿರುವ ಟಾರ್ಕ್ಸ್. ಅಮೆರಿಕದ ಕ್ಯಾಮ್‌ಕಾರ್ ಕಂಪನಿ ಅದನ್ನು 1967ರಲ್ಲಿ ರೂಪಿಸಿತು. ಕೀಲಿನ ದಂಡದ ಒಂದು ಬದಿಯನ್ನು ಚಪ್ಪಟೆಯಾಗಿ ಕಡೆದಿರುತ್ತಾರೆ. ಇಲ್ಲದಿದ್ದರೆ ತಿರುಪು ಬಿಗಿಯುವಾಗ ದಂಡವೇ ಸುತ್ತುತ್ತದೆ.

ದಂಡಕ್ಕೆ ಒಂದು ಕೆಲಸ, ತಿರುಪಿಗೆ ಇನ್ನೊಂದು ಎಂಬ ಈ ತರ್ಕ ರಾಜಾಜಿನಗರ ಕೈಗಾರಿಕಾ ಪ್ರದೇಶಕ್ಕೆ ಹೊಸದಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಇರುವುದು ಇಲ್ಲಿಯೇ. ಅದು ಕಲಿಸುವ ಡೈ ತಯಾರಿಕೆಯ ಕಸುಬಿನಲ್ಲಿ ಒಂದು ಮೂಲಪಾಠವಿದೆ: ಭಾಗಗಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು ಡೋವೆಲ್ ಪಿನ್, ಬಿಗಿದು ಹಿಡಿಯುವುದು ಸ್ಕ್ರೂ, ಒಂದರ ಕೆಲಸ ಇನ್ನೊಂದಕ್ಕೆ ಹೊರಿಸಬಾರದು. ಒಳ್ಳೆಯ ಬಿಚ್ಚುಚಾಕು ಈ ನಿಯಮವನ್ನೇ ಪಾಲಿಸುತ್ತದೆ. ಅಗ್ಗದ ಚಾಕುವಿನಲ್ಲಿ ಎರಡನ್ನೂ ಒಂದೇ ಸ್ಕ್ರೂ ಹೊರುತ್ತದೆ, ಬೇಗ ಸಡಿಲಾಗುತ್ತದೆ.

ಈಳಿಗೆ ಮಣೆಗೂ ರಿವೆಟ್‌ಗಿಂತ ಬೋಲ್ಟ್ ಮೇಲು. ಸಾಣೆಗೆ ಅಲಗನ್ನು ಬಿಡಿಯಾಗಿ ಕೊಡಬಹುದು, ಬುಡದ ತುಕ್ಕು ಒರೆಸಬಹುದು. ಆದರೆ ಒಂಟಿ ನಟ್ ಸಾಲದು: ಮಡಚಿದಾಗಲೆಲ್ಲ ಅದು ಅಷ್ಟಷ್ಟು ಬಿಚ್ಚಿಕೊಳ್ಳುತ್ತದೆ. ಕೊಳ್ಳುವವರು ಜೋಡಿ ನಟ್ ಅಥವಾ ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ ಇದೆಯೇ ಎಂದು ನೋಡಿ ಕೊಳ್ಳಲಿ. ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಕೇಳಿ ಹಾಕಿಸಲಿ.